ಪ್ರಯೋಗಾಲಯದ ಇ–ಮೇಲ್ ಕೂಡ ರಫ್ತೇ

ಮಾನ್ಯ ಸಂಪಾದಕರೇ,

ರಫ್ತು ಎಂದಾಕ್ಷಣ ಬಂದರು, ಕಂಟೇನರು, ಸುಂಕದ ಕಾಗದಪತ್ರಗಳು ನೆನಪಾಗುತ್ತವೆಯೇ ಹೊರತು ವಿಶ್ವವಿದ್ಯಾಲಯದ ಪ್ರಯೋಗಾಲಯವಲ್ಲ. ಆದರೆ ನಾಗರಿಕ ಬಳಕೆಗೂ ಅಸ್ತ್ರ ತಯಾರಿಕೆಗೂ ಒದಗುವಂಥ, ಪರವಾನಗಿಯಿಲ್ಲದೆ ರಫ್ತು ಮಾಡಕೂಡದ ಸರಕುಗಳನ್ನು ಹೆಸರಿಸುವ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ‘ಸ್ಕೊಮೆಟ್’ ಪಟ್ಟಿಯಲ್ಲಿ ವಸ್ತುಗಳ ಜೊತೆಗೆ ಅವುಗಳಿಗೆ ಸಂಬಂಧಿಸಿದ ತಂತ್ರಜ್ಞಾನ, ಸಾಫ್ಟ್‌ವೇರ್‌ಗಳೂ ಸೇರಿವೆ. ಡ್ರೋನ್ ಅಥವಾ ರೋಗಾಣುಗಳ ಮೇಲೆ ಕೆಲಸ ಮಾಡುವ ಅಧ್ಯಾಪಕರೊಬ್ಬರು ಈ ಪಟ್ಟಿಗೆ ಒಳಪಡುವ ತಾಂತ್ರಿಕ ವಿವರವನ್ನು ಹೊರದೇಶದ ಸಹಸಂಶೋಧಕರಿಗೆ ಇ–ಮೇಲ್‌ನಲ್ಲಿ ಕಳುಹಿಸಿದರೆ ಅದಕ್ಕೂ ಪರವಾನಗಿ ಬೇಕು. 2005ರ ಸಮೂಹನಾಶಕ ಅಸ್ತ್ರಗಳ ಕಾಯ್ದೆಯೂ 2010ರಲ್ಲಿ ತಿದ್ದುಪಡಿಯಾದ ವಿದೇಶ ವ್ಯಾಪಾರ ಕಾಯ್ದೆಯೂ ತಂತ್ರಜ್ಞಾನದ ವರ್ಗಾವಣೆಯನ್ನು ತಮ್ಮ ವ್ಯಾಪ್ತಿಗೆ ತಂದುಕೊಂಡಿವೆ.

ಹಾಗೆಂದು ಪಾಠ ಹೇಳಲು ಹೆದರಬೇಕಿಲ್ಲ. ಸಾರ್ವಜನಿಕವಾಗಿ ಲಭ್ಯವಿರುವ ಮಾಹಿತಿಗೂ ಮೂಲಭೂತ ವೈಜ್ಞಾನಿಕ ಸಂಶೋಧನೆಗೂ ಪಟ್ಟಿಯಲ್ಲೇ ವಿನಾಯಿತಿ ಇದೆ. ಪಠ್ಯಪುಸ್ತಕದಲ್ಲಿರುವುದು, ಪ್ರಕಟವಾದ ಪ್ರಬಂಧದಲ್ಲಿರುವುದು ಮುಕ್ತ. ತೊಡಕು ಬರುವುದು ಕಂಪನಿಯೊಂದು ಹಣ ಕೊಟ್ಟು, ಫಲಿತಾಂಶ ಪ್ರಕಟಿಸಕೂಡದೆಂದು ಕರಾರು ಬರೆಸಿಕೊಂಡಾಗ. ನಾನು ಸೇವೆಯಲ್ಲಿದ್ದ ಕಾಲೇಜಿನಲ್ಲಿ ಇಂಥ ಹಲವು ಒಪ್ಪಂದಗಳಿಗೆ ಸಹಿ ಹಾಕಿದ್ದೇನೆ. ಆ ಗೋಪ್ಯತೆಯ ಷರತ್ತಿನಿಂದಲೇ ವಿನಾಯಿತಿ ಕೈತಪ್ಪಬಹುದೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅದಕ್ಕಾಗಿ ನಿಜಕ್ಕೂ ಕಳವಳವಾಗುತ್ತದೆ.

ಅಮೆರಿಕದ ನಿಯಮ ಇನ್ನೂ ಬಿಗಿ. ಅಲ್ಲಿನ ನೆಲದಲ್ಲೇ ಓದುತ್ತಿರುವ ವಿದೇಶಿ ವಿದ್ಯಾರ್ಥಿಗೆ ನಿಯಂತ್ರಿತ ತಂತ್ರಜ್ಞಾನವನ್ನು ತಿಳಿಸಿದರೂ ಅದು ರಫ್ತೆಂದೇ ಲೆಕ್ಕ. ವಾಯುಪಡೆಯ ಡ್ರೋನ್ ಯೋಜನೆಯ ಮಾಹಿತಿ ಚೀನಾ ಮತ್ತು ಇರಾನ್‌ನ ವಿದ್ಯಾರ್ಥಿಗಳ ಕೈಗೆ ಸಿಗುವಂತೆ ಮಾಡಿದ್ದಕ್ಕಾಗಿ ಟೆನೆಸಿ ವಿಶ್ವವಿದ್ಯಾಲಯದ ಪ್ರೊ. ಜಾನ್ ರೀಸ್ ರಾತ್ ಅವರಿಗೆ 2009ರಲ್ಲಿ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲಾಯಿತು. ಸಂಶೋಧನೆಗೆಂದು ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಇದನ್ನು ತಿಳಿದೇ ಹೋಗಬೇಕು.

ಇಂಥ ನಿಯಮಗಳ ಬಿಸಿ ನಮಗೆ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕಾಗಿದ್ದ ಕ್ರೇ ಸೂಪರ್‌ಕಂಪ್ಯೂಟರನ್ನು ಕೊಡಲು ಅಮೆರಿಕ ಒಪ್ಪಲಿಲ್ಲ. ಆ ನೋವು ಕಂಡ ನಾವೇ, ಕಾನೂನು ಸರಿಯಾಗಿ ಗೊತ್ತಿಲ್ಲವೆಂಬ ಅಂಜಿಕೆಯಿಂದ, ನಮ್ಮಲ್ಲಿಗೆ ಬರುವ ಆಫ್ರಿಕಾ, ಪಶ್ಚಿಮ ಏಷ್ಯಾದ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ಬಾಗಿಲು ಮುಚ್ಚುವಂತಾಗಬಾರದು.

ತಾಂತ್ರಿಕ ಮತ್ತು ಜೀವವಿಜ್ಞಾನ ಸಂಶೋಧನೆ ನಡೆಸುವ ರಾಜ್ಯದ ಪ್ರತಿ ವಿಶ್ವವಿದ್ಯಾಲಯವೂ ಈ ಕಾನೂನು ಬಲ್ಲ ಒಬ್ಬ ಅಧಿಕಾರಿಯನ್ನು ನೇಮಿಸಿ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅವರ ಅಭಿಪ್ರಾಯ ಪಡೆಯುವಂತೆ ಉನ್ನತ ಶಿಕ್ಷಣ ಇಲಾಖೆ ಸೂಚಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಎಂಜಿನಿಯರಿಂಗ್ ಪ್ರಾಧ್ಯಾಪಕ, ಮೈಸೂರು