ಕಲ್ಲಿನ ಮೇಲೆ ಹೆಸರಿಗೆ ಜಾಗವಿಲ್ಲ: ಅಕ್ಕನಿಗೊಂದು ನಮಸ್ಕಾರ

ನೆರಳು ಗಡಿಯಾರಗಳ ಮೇಲೆ ಕೆತ್ತಲೆಂದು ನೀವೆಲ್ಲ ಬರೆದುಕೊಟ್ಟ ಸಾಲುಗಳು ಕೊನೆಗೂ ಎಲ್ಲ ಹಕ್ಕು ಬಿಟ್ಟುಕೊಡುವ ಸಿಸಿ-ಝೀರೋ ಅಡಿ ಹೊರಬಂದಿವೆ. ಕೆತ್ತಿಸಿ, ಅಚ್ಚು ಹಾಕಿ, ಮಾರಿ, ತಿದ್ದಿಕೊಳ್ಳಿ, ಯಾರನ್ನೂ ಕೇಳಬೇಕಿಲ್ಲ. ಸಾಲು ಕೊಟ್ಟವರಿಗೆ, ಅಕ್ಷರ ಬಿಡಿಸಿದವರಿಗೆ, ಕಲ್ಲು ಕೆತ್ತಿದವರಿಗೆ, ಖರ್ಚು ಬರೆದಿಟ್ಟವರಿಗೆ ವಂದನೆ.

ಉಳಿದದ್ದೆಲ್ಲ ನಿಮ್ಮೆಲ್ಲರ ಒಪ್ಪಿಗೆ ಬರೆಸಿಕೊಂಡ ಅಕ್ಕನಿಗೆ. ಎಲ್ಲರ ಹೆಸರಿಗಾಗಿ ಹಟ ಹಿಡಿದವರು ತಮ್ಮ ಹೆಸರು ಮಾತ್ರ ಬೇಡ ಅಂದಿದ್ದಾರೆ.

ಹೆಸರು ಹಾಕಿ ಬಳಸಿ ಎನ್ನುವ ಸಿಸಿ-ಬೈ ಸಾಕು ಎಂಬುದು ಮೊದಲಿನ ಲೆಕ್ಕ. ಅಕ್ಕ ಒಂದಡಿ ಕಲ್ಲನ್ನೇ ಮುಂದಿಟ್ಟರು. ಬೆಂಗಳೂರಿನ 13 ಡಿಗ್ರಿ ಅಕ್ಷಾಂಶಕ್ಕೆ ಗಂಟೆಯ ಗೀಟು ಎಳೆದರೆ ಹನ್ನೊಂದು, ಹನ್ನೆರಡು, ಒಂದರ ಗೀಟುಗಳ ನಡುವೆ ಬರೀ ಮೂರೂವರೆ ಡಿಗ್ರಿ. ಸಾಲಿಗೆ ಸಿಕ್ಕಿದ್ದು ಆರರ ಗೀಟಿನ ಹಿಂದಿನ ಪಟ್ಟಿ; ಅದರಲ್ಲೇ ಒತ್ತಕ್ಷರಗಳೂ ಇಳಿಯಬೇಕು. ಹೆಸರಿಗೆ ಪಕ್ಕದಲ್ಲಿ ಫಲಕ ಹಾಕಬಹುದು, ಆದರೆ ಅದು ಕಳಚಿ ಬಿದ್ದ ದಿನ ಶರತ್ತೂ ಬಿದ್ದಂತೆ. ಹಾಗಾಗಿ ಹಕ್ಕು ಬಿಡುವುದು, ಹೆಸರನ್ನು ಪಟ್ಟಿಯಲ್ಲಿ ಉಳಿಸುವುದು. ಬರೆದವರು ತಾವೇ ಎಂದು ಹೇಳಿಕೊಳ್ಳುವ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನಲ್ಲಿ ಬೇರೆಯೇ ಇದೆ.

ಅಕ್ಕ ಪ್ರತಿಯೊಬ್ಬರಿಗೂ ಕಳಿಸಿದ್ದು ನಾಲ್ಕು ಮಾತು: ಸಾಲು ನನ್ನದೇ; ಮೊದಲು ಅಚ್ಚಾಗಿದ್ದರೆ ಇಂಥಲ್ಲಿ; ಯಾರು ಹೇಗೆ ಬಳಸಿದರೂ ಒಪ್ಪಿಗೆ; ಪಟ್ಟಿಯಲ್ಲಿ ಪೂರ್ತಿ ಹೆಸರು, ಅಂಕಿತ (ಕಾವ್ಯನಾಮ), ಹೆಸರಿಲ್ಲದೆ—ಇವುಗಳಲ್ಲಿ ಇದು. ಹೆಬ್ಬೆರಳಿನ ಇಮೋಜಿಯನ್ನು ಉತ್ತರವೆಂದು ಒಪ್ಪಲಿಲ್ಲ. “ಹಾಕ್ಕೊಳ್ರವ್ವ” ಎಂದು ದನಿ ಕಳಿಸಿದ ಹಿರಿಯರಿಗೆ ಫೋನು ಮಾಡಿ ನಾಲ್ಕನ್ನೂ ಓದಿ ಹೇಳಿದರು.

ಬಿಡುಗಡೆಯ ಹಿಂದಿನ ರಾತ್ರಿ ಒಂದು ಸಾಲು ಡಿ.ವಿ.ಜಿ.ಯವರದ್ದೆಂದು ಗೊತ್ತಾಯಿತು. ಅವರು ತೀರಿಕೊಂಡದ್ದು 1975ರಲ್ಲಿ. ಮುಂದಿನ ವರ್ಷದಿಂದ 60 ವರ್ಷ ಎಣಿಸಿದರೆ 2035ರ ಕೊನೆಯವರೆಗೂ ಹಕ್ಕು ಜೀವಂತ. ತನ್ನದಲ್ಲದ ಹಕ್ಕನ್ನು ಯಾರೂ ಬಿಟ್ಟುಕೊಡಲಾರರು. ಒಂದು ಹೀಗಾದರೆ ಉಳಿದವು? ಎಲ್ಲರೂ ಮಲಗಿದ ಮೇಲೆ ಅಕ್ಕ ನಾಲ್ಕು ಗಂಟೆವರೆಗೆ ಕೂತು, ಪ್ರತಿ ಸಾಲಿನಿಂದ ಮೂರು ಮೂರು ಪದ ಎತ್ತಿ ಹುಡುಕಿದರು. ಹಳೆಯ ‘ನುಡಿ’ ತಂತ್ರಾಂಶದ ಕಡತಗಳನ್ನು ಯೂನಿಕೋಡಿಗೆ ತರದೆ ಹುಡುಕಿದರೆ ಏನೂ ಸಿಗುವುದಿಲ್ಲ. ತರುವಾಗ ಅರ್ಕಾವತ್ತು ಜಾರುವುದುಂಟು. ನಮ್ಮ ಪಟ್ಟಿಯಲ್ಲಿ ಜಾರಿದ್ದು “ಸೂರ್ಯ”ದಲ್ಲೇ!

ಒಪ್ಪಿಗೆ ಬರೆಯುವ ಮೊದಲೇ ಒಬ್ಬ ಮೇಷ್ಟ್ರು ಹೋಗಿಬಿಟ್ಟರು. ಅವರ ಮೊಬೈಲಿನಲ್ಲಿ ಅಕ್ಕನ ಸಂದೇಶ ಓದದೆ ಉಳಿದಿತ್ತು. ಹಕ್ಕು ಮಕ್ಕಳಿಗೆ ಸೇರಿತು, ಕೇಳಲೇಬೇಕು. ಕೇಳಲು ಬಾಯಿ ಬರುವುದಿಲ್ಲ. ವೈಕುಂಠ ಸಮಾರಾಧನೆ ಮುಗಿಯುವವರೆಗೆ ಅಕ್ಕ ಆ ಮಾತೇ ಎತ್ತಲಿಲ್ಲ. ಆಮೇಲೆ ಮಗ ತಾನಾಗಿ ನಾಲ್ಕೂ ಬರೆದು ಕಳಿಸಿದ, ಕೊನೆಯಲ್ಲಿ ಅಪ್ಪನ ಅಂಕಿತ.

ಕೆತ್ತಿಸುವವರಿಗೆ: ಅಕ್ಷರಗಳನ್ನು ಗೆರೆಚಿತ್ರ ಮಾಡಿಯೇ ಯಂತ್ರಕ್ಕೆ ಕೊಡಿ, ಇಲ್ಲವಾದರೆ ಅಲ್ಲಿ ಫಾಂಟ್ ಬದಲಾಗಿ ಒತ್ತುಗಳು ಚೆದುರುತ್ತವೆ. ಚಿಕ್ಕ ಒತ್ತು ಉಳಿಯೇಟಿಗೆ ಚಕ್ಕೆ ಹಾರುತ್ತದೆ. ಮೇಷ್ಟ್ರ ಸಾಲು “ಮೋಡ ಕವಿದಾಗ ಕೇಳಬೇಡ.” ಅದರಲ್ಲಿ ಒಂದೂ ಒತ್ತಿಲ್ಲ. ಕೆತ್ತುವವರು ಮೊದಲು ಎತ್ತಿಕೊಂಡದ್ದು ಅದನ್ನೇ.