ಶೇಕಡಾವಾರು ನೋಡಿದರೆ ಸಾಲದು, ದತ್ತಾಂಶವನ್ನೂ ನೋಡಿ

ಮಾನ್ಯರೇ,

ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಹೊತ್ತಿಗೆ ಎಲ್ಲರೂ ಕೇಳುವುದು ಒಂದೇ: ‘ಪರ್ಸೆಂಟೇಜ್ ಎಷ್ಟು ಬಂತು?’ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ, ಬೇರೆಯವರ ಬರಹದ ಜೊತೆಗಿನ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಶೇ 60 ದಾಟಿದರೆ ನೋಂದಣಿಯೇ ರದ್ದು. ಕೃತಿಚೌರ್ಯ ತಡೆಯಲು ಇಂಥ ನಿಯಮ ಬೇಕೇ ಬೇಕಿತ್ತು. ಆದರೆ ಈ ಒಂದು ಅಂಕಿ ಸರಿಯಿದ್ದರೆ ಸಂಶೋಧನೆಯೂ ಪ್ರಾಮಾಣಿಕ ಎಂದು ನಂಬಿ ಕೂತಿದ್ದೇವೆ. ನನ್ನ ಆತಂಕ ಅದು.

ಈ ಪರ್ಸೆಂಟೇಜ್ ಲೆಕ್ಕ ಹಾಕುವ ಸಾಫ್ಟ್‌ವೇರ್ ಪದಗಳನ್ನು ಹೋಲಿಸುತ್ತದೆ, ಅಷ್ಟೇ. ಮಾಡದೇ ಇದ್ದ ಪ್ರಯೋಗಕ್ಕೆ ಫಲಿತಾಂಶ ಹುಟ್ಟಿಸಿ ಸ್ವಂತ ವಾಕ್ಯದಲ್ಲಿ ಬರೆದರೆ ಆರಾಮಾಗಿ ಪಾಸಾಗುತ್ತದೆ. ಒಂದು ಪ್ರಯೋಗದ ಫೋಟೊವನ್ನೇ ತಿರುಗಿಸಿ, ಅಂಚು ಕತ್ತರಿಸಿ, ಇನ್ನೊಂದರದ್ದು ಎಂದು ಹಾಕಿದರೂ ಅದಕ್ಕೆ ತಿಳಿಯುವುದಿಲ್ಲ. ಹೊಂದದ ಎರಡು ರೀಡಿಂಗ್ ಸುಮ್ನೆ ಕೈಬಿಟ್ಟು ಗ್ರಾಫ್ ನೇರ ಮಾಡಿದರಂತೂ ಕೇಳುವವರೇ ಇಲ್ಲ. ವಾಕ್ಯ ಕದಿಯುವುದಕ್ಕಿಂತ ಇದು ಜಾಸ್ತಿ ಅಪಾಯ. ನಾಳೆ ಯಾರದೋ ಚಿಕಿತ್ಸೆ ಆ ಗ್ರಾಫನ್ನೇ ನಂಬಿಕೊಳ್ಳಬಹುದು ಅಲ್ವಾ?

ಇದನ್ನು ಹಿಡಿಯಬೇಕಾದರೆ ಲ್ಯಾಬ್ ನೋಟ್‌ಬುಕ್ ತೆರೆಯಬೇಕು. ಒಳ್ಳೆಯ ನೋಟ್‌ಬುಕ್ ನೋಡಿದವರಿಗೆ ಗೊತ್ತು: ಪ್ರತಿ ಪುಟಕ್ಕೂ ದಿನಾಂಕ, ಪೆನ್ನಿನ ಬರಹ, ತಪ್ಪಿದ ರೀಡಿಂಗ್ ಮೇಲೆ ಒಂದೇ ಗೆರೆ. ಹಳೆಯ ಅಂಕಿ ಅಳಿಸಿರುವುದಿಲ್ಲ, ಓದಲು ಸಿಗುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ಈ ಪುಸ್ತಕ ಕೇಳುವುದು ಕಡ್ಡಾಯವಾಗಲಿ. ಮೂಲ ದತ್ತಾಂಶವನ್ನು ಎಷ್ಟು ವರ್ಷ ಇಡಬೇಕು, ಯಾರು ಕೇಳಿದರೆ ತೋರಿಸಬೇಕು ಎಂಬುದನ್ನು ಇಡೀ ದೇಶಕ್ಕೆ ಒಂದೇ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಲಿ.

ತನಿಖೆಯ ವಿಷಯವೂ ಇದೆ. 2018ರ ನಿಯಮದಲ್ಲಿ ತನಿಖೆ ನಡೆಸುವುದು ಆಯಾ ಸಂಸ್ಥೆಯ ಸಮಿತಿಯೇ. ಅದರಲ್ಲಿ ಹೊರಗಿನವರು ಒಬ್ಬರು, ಅವರನ್ನು ಹೆಸರಿಸುವುದೂ ಸಂಸ್ಥೆಯ ಮುಖ್ಯಸ್ಥರೇ. ತಮ್ಮದೇ ಹೆಸರಾಂತ ಪ್ರಾಧ್ಯಾಪಕರ ಮೇಲೆ ದೂರು ಬಂದಾಗ ಇಂಥ ಸಮಿತಿಗೆ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಡೆನ್ಮಾರ್ಕ್ 2017ರಲ್ಲಿ ಕಾನೂನು ತಂದು ಗಂಭೀರ ಪ್ರಕರಣಗಳನ್ನು ರಾಷ್ಟ್ರೀಯ ಮಂಡಳಿಗೆ ಒಪ್ಪಿಸಿತು. ಸ್ವೀಡನ್ನಿನಲ್ಲಿ 2020ರಿಂದ ಅಂಥದೇ ಮಂಡಳಿಯಿದೆ. ನಮಗೂ ಅದು ಬೇಕು.

ಇಷ್ಟಾದರೂ ದೂರು ಕೊಡುವವರು ಯಾರು? ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಅದೇ ಲ್ಯಾಬಿನ ವಿದ್ಯಾರ್ಥಿಗೆ. ಅವರ ಫೆಲೋಶಿಪ್ ಕಾಗದಕ್ಕೂ ಪ್ರಬಂಧಕ್ಕೂ ಸಹಿ ಹಾಕಬೇಕಾದವರು ಗೈಡ್. ದೂರು ಕೊಟ್ಟ ವಿದ್ಯಾರ್ಥಿಗೆ ಫೆಲೋಶಿಪ್ ನಿಲ್ಲದಂತೆ ಬೇರೆ ಗೈಡ್ ಸಿಗುವ ವ್ಯವಸ್ಥೆಯನ್ನು ಯುಜಿಸಿ ಮೊದಲು ಮಾಡಲಿ.

ಇತಿ,
ಒಬ್ಬ ಸಂಶೋಧನಾ ಮಾರ್ಗದರ್ಶಿ