ಕೈ ಊದಿದ್ದೇಕೆ ಎಂದು ಕೇಳಿದ್ದೆಯಲ್ಲ

ಚಿ. ಸುಮಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸಮಾಚಾರವೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ. ಆದರೆ ಪತ್ರದ ಕೊನೆಗೆ ‘ಸಂಜೆಯಾದರೆ ಎಡಗೈ ಭಾರ, ಬಳೆ ತೆಗೆಯೋಕಾಗಲ್ಲ, ಕಾಯಿಲೆ ಮತ್ತೆ ಬಂತಾ ದೊಡ್ಡಮ್ಮ?’ ಅಂತ ಬರೆದಿದ್ದೀಯಲ್ಲ, ಅದೊಂದೇ ಮನಸ್ಸನ್ನು ಕೊರೆಯುತ್ತಿದೆ.

ಊತ ಬಂದ ಮಾತ್ರಕ್ಕೆ ಸ್ತನದ ಕ್ಯಾನ್ಸರ್ ಮರಳಿತೆಂದಲ್ಲ ಮಗಳೇ. ಕಂಕುಳಲ್ಲಿ ಸಾಮಾನ್ಯವಾಗಿ 20ರಿಂದ 30 ದುಗ್ಧಗ್ರಂಥಿಗಳು (ಲಿಂಫ್ ನೋಡ್) ಇರುತ್ತವೆ. ಕೈಯ ಜೀವಕೋಶಗಳ ಸಂದಿಯಲ್ಲಿ ಮಿಕ್ಕ ನೀರು, ರಕ್ತನಾಳದಿಂದ ಸೋರಿದ ಪ್ರೋಟೀನು ಎಲ್ಲ ದುಗ್ಧನಾಳಗಳನ್ನು ಹೊಕ್ಕು, ಈ ಗ್ರಂಥಿಗಳಲ್ಲಿ ಸೋಸಿ, ಎಡಗತ್ತಿನ ಬುಡದಲ್ಲಿ ರಕ್ತಕ್ಕೆ ಮರಳಬೇಕು. ನಿನಗೆ ಆ ಗ್ರಂಥಿಗಳನ್ನೇ ತೆಗೆದಿದ್ದಾರೆ, ಮೇಲೆ ರೇಡಿಯೇಷನ್ ಬೇರೆ. ಬಸಿಗಾಲುವೆ ಮುಚ್ಚಿದ ಗದ್ದೆಯಲ್ಲಿ ನೀರು ನಿಂತ ಹಾಗಾಗಿದೆ. ಈ ಊತಕ್ಕೇ ಲಿಂಫೆಡಿಮಾ ಅನ್ನುತ್ತಾರೆ. ಆಪರೇಷನ್ನಾಗಿ ವರ್ಷಗಳು ಕಳೆದ ಮೇಲೂ ಇದು ಶುರುವಾಗುವುದುಂಟು.

ಈ ನಾಳಗಳಲ್ಲಿ ಹರಿಯುವ ದುಗ್ಧರಸಕ್ಕೆ ಹೃದಯದಂಥ ಪಂಪಿಲ್ಲ. ನಾಳದ ಗೋಡೆ ಹಿಂಡಬೇಕು, ಸ್ನಾಯು ಅದುಮಬೇಕು, ಉಸಿರಾಟ ಎಳೆಯಬೇಕು. ಒಳಗಿನ ಕವಾಟಗಳು ಹಿಂದಕ್ಕೆ ಹರಿಯಗೊಡುವುದಿಲ್ಲ. ಅದಕ್ಕೇ ಕೈಯನ್ನು ಸುಮ್ಮನಿಡಬೇಡ. ನಾವು ವಾರ್ಡಿನಲ್ಲಿದ್ದ ಕಾಲಕ್ಕೆ ‘ಬಿಂದಿಗೆ ಎತ್ತಬೇಡಿ, ಕೈ ಆಡಿಸಬೇಡಿ’ ಎಂದೇ ಹೇಳಿ ಕಳಿಸುತ್ತಿದ್ದರು. ಎಷ್ಟು ಹೆಂಗಸರ ಭುಜ ಬಿಗಿದುಹೋಯಿತೋ, ನೆನೆದರೆ ಈಗಲೂ ಸಂಕಟ. ಸ್ವಲ್ಪಸ್ವಲ್ಪವೇ ಭಾರ ಹೆಚ್ಚಿಸಿಕೊಂಡು ವ್ಯಾಯಾಮ ಮಾಡಿದರೆ ಕೆಡುಕಿಲ್ಲವೆಂದು ಆಮೇಲೆ ಗೊತ್ತಾಯಿತು. ಈಗ ಸ್ತನದಿಂದ ದುಗ್ಧರಸ ಮೊದಲು ತಲುಪುವ ಒಂದೆರಡು ಗ್ರಂಥಿ ಮಾತ್ರ ತೆಗೆದು ಪರೀಕ್ಷಿಸುವುದೂ ಇದೆ. ನಿನಗೆ ಗ್ರಂಥಿಗಳಿಗೂ ಹರಡಿದ್ದರಿಂದ ಆ ದಾರಿ ಇರಲಿಲ್ಲ.

ಮತ್ತೆ ಬಂತಾ ಅಂತ ರಾತ್ರಿಯೆಲ್ಲ ಯೋಚಿಸುವ ಬದಲು ಅಳೆದು ನೋಡು. ದರ್ಜಿಯ ಟೇಪು ಸಾಕು. ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ, ಎರಡೂ ಕೈ, ದಿನದ ಒಂದೇ ಹೊತ್ತಿನಲ್ಲಿ. 2 ಸೆಂ.ಮೀ. ವ್ಯತ್ಯಾಸ ಕಂಡರೆ ಲಿಂಫೆಡಿಮಾ ನೋಡುವ ಫಿಸಿಯೋಥೆರಪಿಸ್ಟರ ಹತ್ತಿರ ಹೋಗು. ಅಳತೆ ಕಡಿಮೆಯಿದ್ದರೂ ಭಾರ ಹೋಗದಿದ್ದರೆ ತೋರಿಸು. ಒತ್ತಿದರೆ ಗುಳಿ ಬೀಳುವ ಹಂತದಲ್ಲೇ ಹಿಡಿದರೆ ಇಳಿಸುವುದು ಸುಲಭ. ಬಿಟ್ಟರೆ ಒಳಗೆ ನಾರು, ಕೊಬ್ಬು ಬೆಳೆದು ಕೈ ಗಟ್ಟಿಯಾಗುತ್ತದೆ.

ಬಳೆ, ಉಂಗುರ ಇವತ್ತೇ ತೆಗೆದಿಡು. ಹೇಳೋದಕ್ಕೆ ನನಗೂ ಕಷ್ಟ, ಆದರೂ ತೆಗೆ. ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡ. ದುಗ್ಧನಾಳಗಳು ಚರ್ಮದಡಿಯಲ್ಲೇ ಇವೆ, ಚರ್ಮ ಸರಿಯುವಷ್ಟು ಹಗುರವಾದ ಕೈ ಸಾಕು. ಅದನ್ನು ಆ ಫಿಸಿಯೋಥೆರಪಿಸ್ಟರಿಂದಲೇ ಕಲಿ. ಊತ ತಡೆಯಲು ತೋಳನ್ನು ಒತ್ತಿ ಹಿಡಿಯುವ ತೋಳುಗವಸನ್ನೂ (ಕಂಪ್ರೆಷನ್ ಸ್ಲೀವ್) ಅಳತೆ ಕೊಟ್ಟೇ ಕೊಳ್ಳು, ಬಿಗಿಯಾದರೆ ಅಂಗೈ ಊದುತ್ತದೆ. ನೀರಿಳಿಸುವ ಮಾತ್ರೆ ಕೇಳಬೇಡ, ಪ್ರೋಟೀನು ಅಲ್ಲೇ ಉಳಿಯುವುದರಿಂದ ಊತ ಮರಳುತ್ತದೆ.

ತರಕಾರಿ ಹೆಚ್ಚುವಾಗ ಗಾಯವಾದರೆ ತೊಳೆದು ಮುಲಾಮು ಹಚ್ಚು. ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು. ಅವತ್ತೇ ಆಸ್ಪತ್ರೆ, ಅವತ್ತೇ ಆ್ಯಂಟಿಬಯಾಟಿಕ್.

ನಿನ್ನ ಆ ಭಯವನ್ನು ನಾನು ಪೂರ್ತಿ ಅಳಿಸಲಾರೆ. ಕಂಕುಳಲ್ಲೋ ಕತ್ತಿನ ಬುಡದಲ್ಲೋ ಹೊಸ ಗಂಟು, ಬೆರಳಿನ ಬಲ ಕುಗ್ಗುವುದು, ದಿಢೀರನೆ ನೋವಿನ ಊತ — ಇವಿದ್ದರೆ ಮುಂದಿನ ತಪಾಸಣೆವರೆಗೆ ಕಾಯಬೇಡ. ಇಲ್ಲದಿದ್ದರೂ ಈ ವಾರ ನಿನ್ನ ಕ್ಯಾನ್ಸರ್ ಡಾಕ್ಟರಿಗೊಮ್ಮೆ ಕೈ ತೋರಿಸು, ಅಳತೆ ಬರೆದ ಚೀಟಿ ಜೊತೆಗಿರಲಿ. ಒಬ್ಬಳೇ ಹೋಗೋಕೆ ಮನಸ್ಸಿಲ್ಲದಿದ್ದರೆ ಹೇಳು, ನಾನು ಬರುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ